ಕನ್ನಡಕದಕ್ಕನ ಕೆನ್ನೆ

ಅವಳು ಬಿದ್ದದ್ದು ಮಹಡಿಯಿಂದಲ್ಲ, ಏಣಿಯಿಂದಲೂ ಅಲ್ಲ. ಮೊಣಕಾಲೆತ್ತರದ ಒಂದು ಮರದ ಸ್ಟೂಲಿನಿಂದ. ಕನ್ನಡಕದ ಅಂಗಡಿಯ ಮೇಲಿನ ಗೂಡಿನಲ್ಲಿದ್ದ ಮಕ್ಕಳ ಫ್ರೇಮುಗಳ ಪೆಟ್ಟಿಗೆಯನ್ನು ಇಳಿಸಿಕೊಳ್ಳಲು ಹತ್ತಿದ್ದಳು. ಆ ಸ್ಟೂಲಿನ ಒಂದು ಕಾಲು ಎಷ್ಟೋ ಕಾಲದಿಂದ ಸಡಿಲವಾಗಿತ್ತು. ಯಾರೋ ಅದಕ್ಕೆ ತಂತಿ ಬಿಗಿದಿದ್ದರು, ತಂತಿಯ ಮೇಲೆ ಇನ್ಯಾರೋ ಟೇಪು ಸುತ್ತಿದ್ದರು. ಹೊಸದೊಂದು ತರಿಸಿ ಎಂದು ಮಾಲೀಕನಿಗೆ ಹೇಳಿ ಹೇಳಿ ಅವಳ ಬಾಯಿ ನೊಂದಿತ್ತು. ಪೆಟ್ಟಿಗೆ ಕೈಗೆ ಬಂತು ಅನ್ನುವಷ್ಟರಲ್ಲಿ ಸ್ಟೂಲಿನ ಕಾಲು ಹೊರಳಿತು. ಅವಳ ಎಡಗೆನ್ನೆಯ ಮೂಳೆ ಕೌಂಟರಿನ ಅಂಚಿಗೆ ಹೋಗಿ ಬಡಿಯಿತು.

ಹಿಂದಿನ ಕೋಣೆಯಲ್ಲಿ ಲೆನ್ಸು ಉಜ್ಜುತ್ತಿದ್ದವನು ಸದ್ದು ಕೇಳಿ ಓಡಿಬಂದು ಅವಳನ್ನು ಎತ್ತಿ ಕೂರಿಸಿದ. ಅಂಗಡಿಯಲ್ಲಿ ಅವನನ್ನು ಗಾಜಣ್ಣ ಎಂದೇ ಕರೆಯುತ್ತಿದ್ದರು. ಮಾಲೀಕ ಫೋನಿನಲ್ಲಿದ್ದ. ಮಾತು ನಿಲ್ಲಿಸಿ ಎದ್ದು ಬಂದವನು ಮೊದಲು ಬಗ್ಗಿ ಕೌಂಟರಿನ ಗಾಜು ಬಿರುಕು ಬಿಟ್ಟಿದೆಯೇ ಎಂದು ನೋಡಿದ, ಆಮೇಲೆ ಅವಳ ಮುಖ ನೋಡಿದ. ಸ್ವಲ್ಪ ಹೊತ್ತು ಕೂತಿರಿ ಅಕ್ಕ ಎಂದು ಹೇಳಿ ಮತ್ತೆ ಫೋನಿಗೆ ಹೋದ. ಅವಳಿಗೆ ಆಗ ಸಿಟ್ಟೇನೂ ಬರಲಿಲ್ಲ. ಬಿದ್ದ ನಾಚಿಕೆಗೆ ತಾನೇ ನಕ್ಕು, ಒದ್ದೆ ಬಟ್ಟೆ ಕೆನ್ನೆಗೆ ಒತ್ತಿಕೊಂಡು, ಸಂಜೆಯವರೆಗೂ ಕೆಲಸ ಮಾಡಿಯೇ ಮನೆಗೆ ಹೊರಟಳು.

ಆ ಅಂಗಡಿಗೆ ಅವಳು ಸೇರಿದ್ದು ಈ ಮಾಲೀಕನ ಅಪ್ಪನ ಕಾಲದಲ್ಲಿ. ಫ್ರೇಮಿನ ಕಡ್ಡಿ ಕಿವಿಯ ಹಿಂದೆ ಎಲ್ಲಿ ಬಗ್ಗಬೇಕು, ಯಾರ ಮೂಗಿನ ಮೇಲೆ ಯಾವುದು ಜಾರುತ್ತದೆ ಎನ್ನುವುದು ಅವಳ ಬೆರಳುಗಳಿಗೇ ತಿಳಿಯುತ್ತಿತ್ತು. ಆ ಸುತ್ತಿನ ಬೀದಿಗಳ ಅರ್ಧಕ್ಕರ್ಧ ಮೂಗುಗಳು ಅವಳಿಗೆ ಪರಿಚಯ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕನ್ನಡಕದಕ್ಕ.

ಅವಳ ಗಂಡ ಶಾಲಾ ಬಸ್ಸಿನ ಡ್ರೈವರು. ಮಕ್ಕಳು ಅವನನ್ನು ಬಸ್ ಮಾಮ ಎನ್ನುತ್ತಿದ್ದರು. ಅಂದು ಸಂಜೆ ಅವನು ಐಸನ್ನು ಕರವಸ್ತ್ರದಲ್ಲಿ ಸುತ್ತಿ, ಇಲ್ಲಿ ನೋಯುತ್ತದಾ, ಇಲ್ಲಾ ಇಲ್ಲಿ ನೋಯುತ್ತದಾ ಎಂದು ಕೇಳಿ ಕೇಳಿ ಕೆನ್ನೆಗೆ ಹಿಡಿದ. ಅವರ ಜೊತೆಯಲ್ಲೇ ಇರುವ ಅತ್ತೆ ಪಕ್ಕದಲ್ಲಿ ಕೂತು ಆ ಸ್ಟೂಲು ಮಾಡಿದ ಬಡಗಿಯನ್ನೂ, ಅವನಿಗೆ ಕೆಲಸ ಕಲಿಸಿದವನನ್ನೂ ಒಂದು ಸುತ್ತು ಬೈದು ಮುಗಿಸಿದರು.

ಬೆಳಿಗ್ಗೆ ಕನ್ನಡಿ ನೋಡಿಕೊಂಡಾಗ ಕೆನ್ನೆಯ ಮೂಳೆಯ ಮೇಲೆ ನಿಂಬೆಯ ಹೋಳನ್ನು ಮಗುಚಿ ಇಟ್ಟಂಥ ಗಂಟು ಎದ್ದಿತ್ತು. ಬೆರಳ ತುದಿ ತಾಗಿದರೆ ಸಾಕು, ನೋವು ಹಲ್ಲಿನ ಬೇರಿನವರೆಗೂ ಇಳಿಯುತ್ತಿತ್ತು. ಕಣ್ಣಿನ ಕೆಳಗೆ ನೇರಳೆ ಬಣ್ಣ. ಮದುವೆಯಾದಾಗಿನಿಂದ ನೀನು ಸಾಕಷ್ಟು ಸಲ ಮುಖ ಊದಿಸಿಕೊಂಡಿದ್ದೀಯ, ಆದರೆ ಈ ಸಲದ್ದು ಮಾತ್ರ ಎದ್ದು ಕಾಣುತ್ತಿದೆ ಎಂದು ಅತ್ತೆ ತಮಾಷೆ ಮಾಡಿದರು. ಅವಳಿಗೆ ನಗು ಬಂತು, ನಕ್ಕದ್ದಕ್ಕೆ ಕೆನ್ನೆ ಸಿಡಿಯಿತು.

ಅಂಗಡಿಗೆ ಬಂದವರು ತಮ್ಮ ಮುಖ ನೋಡಿಕೊಳ್ಳುವುದು ಬಿಟ್ಟು ಅವಳ ಮುಖ ನೋಡತೊಡಗಿದರು. ಏನಾಯಿತು ಎಂದು ಕೇಳಿದವರಿಗೆ ಸ್ಟೂಲಿನಿಂದ ಬಿದ್ದೆ ಎಂದು ಹೇಳಿದಳು. ಹೌದಾ ಎಂದು ಅವರು ತಲೆಯಾಡಿಸಿದ ರೀತಿಯಲ್ಲೇ ಏನೋ ಇತ್ತು. ಎಷ್ಟು ಎತ್ತರದ ಸ್ಟೂಲು ಎಂದು ಒಬ್ಬಾಕೆ ಕೇಳಿದರು. ಇವಳು ಕೈಯಲ್ಲಿ ತೋರಿಸಿದಳು. ಆಕೆ ಆ ಕೈಯನ್ನು ನೋಡಿ, ಕೆನ್ನೆಯನ್ನು ನೋಡಿ, ಮಾತು ಬದಲಿಸಿಬಿಟ್ಟರು. ಇನ್ನೊಬ್ಬಾತ ಗಂಟನ್ನು ಮುಟ್ಟಿ ನೋಡಲು ಕೈ ಚಾಚಿಯೇಬಿಟ್ಟ, ಕನ್ನಡಕದಂಗಡಿಯಲ್ಲಿ ಎಲ್ಲವನ್ನೂ ಮುಟ್ಟಿ ನೋಡಬಹುದು ಅನ್ನುವ ಹಾಗೆ. ಕೆಲಸದಿಂದ ನಿವೃತ್ತರಾದ ಒಬ್ಬ ಟೀಚರಮ್ಮ ಬಿಲ್ಲು ಮುಗಿದ ಮೇಲೂ ನಿಂತಿದ್ದು, ಯಾರೂ ಇಲ್ಲದ ಹೊತ್ತು ನೋಡಿ ಅವಳ ಮಣಿಕಟ್ಟು ಹಿಡಿದು, ಒಬ್ಬಳೇ ಅಂದುಕೊಳ್ಳಬೇಡಿ, ಯಾವಾಗ ಬೇಕಾದರೂ ನಮ್ಮ ಮನೆಗೆ ಬನ್ನಿ ಎಂದು ಕಣ್ಣು ತೇವ ಮಾಡಿಕೊಂಡರು.

ಅವಳಿಗೆ ಅರ್ಥವಾದದ್ದು ಆಗ. ಇವರೆಲ್ಲ ಅಂದುಕೊಂಡಿರುವುದು ಏನೆಂದು ಹೊಳೆದು ಮೈಯೆಲ್ಲ ಉರಿದುಹೋಯಿತು. ಇಲ್ಲ ಇಲ್ಲ, ನಮ್ಮವರು ಅಂಥವರಲ್ಲ ಎಂದು ಅವಳು ಹೇಳಿದಷ್ಟೂ ಟೀಚರಮ್ಮನ ಕಣ್ಣು ಇನ್ನಷ್ಟು ತೇವವಾಯಿತು.

ದಿನ ಕಳೆದಂತೆ ಗಂಟು ಇಳಿಯುವ ಬದಲು ಗಟ್ಟಿಯಾಯಿತು. ನೇರಳೆ ಬಣ್ಣ ಹಸಿರಾಗಿ, ಹಳದಿಯಾಗಿ, ಕೆನ್ನೆಯಿಂದ ದವಡೆಗೆ ಜಾರಿತು. ನಿಜವಾಗಿ ವಾಸಿಯಾಗುತ್ತಿದ್ದದ್ದು ನೋಡುವವರ ಕಣ್ಣಿಗೆ ದಿನಕ್ಕೊಂದು ಹೊಸ ಏಟಿನಂತೆ ಕಾಣುತ್ತಿತ್ತು. ಮಾಲೀಕ ಅವಳನ್ನು ಕರೆದು, ಗಿರಾಕಿಗಳಿಗೆ ಮುಜುಗರ ಆಗುತ್ತಿದೆ, ಇಳಿಯುವವರೆಗೆ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಜೋಡಿಸಿಕೊಂಡಿರಿ ಎಂದ. ಅವನ ದನಿ ತುಂಬ ಮೃದುವಾಗಿತ್ತು. ಆ ಮೃದುತನವೇ ಅವಳನ್ನು ಚುಚ್ಚಿತು. ಬಿದ್ದವಳು ತಾನು, ಬೀಳಿಸಿದ್ದು ಅವನ ಸ್ಟೂಲು, ಬಚ್ಚಿಟ್ಟುಕೊಳ್ಳಬೇಕಾದ್ದು ತನ್ನ ಮುಖ. ಹಿಂದಿನ ಕೋಣೆಯಲ್ಲಿ ಗಾಜಣ್ಣನ ಯಂತ್ರದ ಕಿರ್ರೋ ಸದ್ದಿನ ಪಕ್ಕ ಕೂತು, ಖಾಲಿ ಡಬ್ಬಿಗಳ ಮುಚ್ಚಳಗಳನ್ನು ಬೇಕೆಂದೇ ಜೋರಾಗಿ ಮುಚ್ಚುತ್ತ ಅವಳು ದಿನ ನೂಕಿದಳು. ಗಾಜಣ್ಣ ತಲೆಯೆತ್ತಲಿಲ್ಲ.

ಗಂಡ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಅವಳಿಗಿಂತ ಚಿಕ್ಕ ಹೆಂಗಸು. ನೀವು ಸ್ವಲ್ಪ ಹೊರಗಿರಿ ಎಂದು ಅವನನ್ನು ಕಳಿಸಿ, ಬಾಗಿಲು ಹಾಕಿ, ನೇರವಾಗಿ ಕೇಳಿದರು.

“ಯಾರಾದರೂ ಹೊಡೆದರಾ?”

“ಇಲ್ಲ. ಅಂಗಡೀಲಿ ಸ್ಟೂಲಿಂದ ಬಿದ್ದೆ.”

“ಸರಿ,” ಎಂದರು ಡಾಕ್ಟರು. ಅಷ್ಟೇ. ಮೂಳೆಯ ಅಂಚಿನುದ್ದಕ್ಕೂ ಬೆರಳಾಡಿಸಿದರು, ಬಾಯಿ ಪೂರ್ತಿ ತೆರೆಸಿದರು, ಒಂದು ವಸ್ತು ಎರಡಾಗಿ ಕಾಣುತ್ತದೆಯೇ, ತುಟಿ ಮರಗಟ್ಟಿದೆಯೇ ಎಂದು ವಿಚಾರಿಸಿದರು. ಮೂಳೆ ಮುರಿದಿಲ್ಲ, ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ನಿಂತಿದೆ, ಕರಗಲು ವಾರಗಟ್ಟಲೆ ಬೇಕಾಗಬಹುದು ಎಂದರು. ಇನ್ನು ಐಸು ಬೇಡ, ಬೆಚ್ಚನೆಯ ಬಟ್ಟೆ ಇಡಿ; ಒತ್ತಬೇಡಿ, ತಿಕ್ಕಬೇಡಿ; ಕೆಂಪಗಾದರೆ, ದೊಡ್ಡದಾದರೆ, ಜ್ವರ ಬಂದರೆ ತಡಮಾಡದೆ ಬನ್ನಿ. ಹೊರಗೆ ಬಂದಾಗ ಅವಳಿಗೆ ಎಷ್ಟೋ ಹಗುರವಾಗಿತ್ತು. ಎಲ್ಲರೂ ಮನಸ್ಸಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಪ್ರಶ್ನೆಯನ್ನು ಈ ಹುಡುಗಿಯೊಬ್ಬಳೇ ಬಾಯಿಬಿಟ್ಟು ಕೇಳಿದ್ದಳು. ಕೇಳಿ, ಉತ್ತರವನ್ನು ಉತ್ತರವೆಂದೇ ತೆಗೆದುಕೊಂಡಿದ್ದಳು.

ಅದಾದ ಕೆಲವು ದಿನಕ್ಕೆ ಅವಳು ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ, ಗಂಡ ಮನೆಯಲ್ಲೇ ಮರೆತು ಹೋಗಿದ್ದ ಫೋನು ಬಡಿದುಕೊಂಡಿತು. ಎತ್ತಿದರೆ ಅಪರಿಚಿತ ದನಿ. ಬಸ್ಸಿನ ಮೂರನೇ ಗೇರು ಬೀಳುತ್ತಿಲ್ಲ, ಅಣ್ಣ ಅದನ್ನು ಹೇಗೆ ಹಾಕುತ್ತಿದ್ದರು ಸ್ವಲ್ಪ ಕೇಳಿ ಹೇಳಿ, ಮಕ್ಕಳೆಲ್ಲ ಒಳಗೇ ಕೂತಿದ್ದಾರೆ ಎಂದ. ಯಾವ ಬಸ್ಸು, ನೀವು ಯಾರು ಎಂದು ಕೇಳಿದಾಗ ತಾನು ಅಣ್ಣನ ಬದಲಿಗೆ ಬಂದವನು, ಈ ವಾರವೆಲ್ಲ ತಾನೇ ಓಡಿಸುತ್ತಿರುವುದು ಎಂದ.

ಗಂಡ ಅಂದು ಬೆಳಿಗ್ಗೆಯೂ ಎಂದಿನಂತೆ ಖಾಕಿ ಅಂಗಿ ತೊಟ್ಟು ಹೊರಟಿದ್ದ.

ಅವಳು ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನ ಅವನು ಬಂದಾಗ ಬಾಗಿಲಲ್ಲೇ ಕೇಳಿದಳು. ಅವನು ಚಪ್ಪಲಿ ಬಿಟ್ಟು, ಒಳಗೆ ಬಂದು, ನೀರು ಕುಡಿದು, ಆಮೇಲೆ ಹೇಳಿದ. ಪ್ರಿನ್ಸಿಪಾಲರು ಕರೆಸಿದ್ದರು. ಕೆಲವು ತಾಯಂದಿರಿಗೆ ಏನೋ ಕಿವಿಗೆ ಬಿದ್ದಿದೆ, ಹೆಂಡತಿಯ ಮೇಲೆ ಕೈ ಮಾಡುವವನ ಬಸ್ಸಿನಲ್ಲಿ ಮಕ್ಕಳನ್ನು ಕಳಿಸಲು ಹಿಂಜರಿಯುತ್ತಿದ್ದಾರೆ, ಗಲಾಟೆ ತಣ್ಣಗಾಗುವವರೆಗೆ ಮನೆಯಲ್ಲಿರಿ ಎಂದಿದ್ದರು. ಅಂದಿನಿಂದ ಅವನು ಬೆಳಿಗ್ಗೆ ಹೊರಟು ಪಾರ್ಕಿನ ಬೆಂಚಿನಲ್ಲಿ ಕೂತಿರುತ್ತಿದ್ದ.

ನೀವು ಇಲ್ಲ ಅನ್ನಲಿಲ್ಲವಾ ಎಂದಳು. ಅಂದೆ ಎಂದ ಅವನು. ಎಲ್ಲರೂ ಹಾಗೇ ಅನ್ನುತ್ತಾರೆ ಎಂದರಂತೆ. ಯಾರು ಹಬ್ಬಿಸಿದ್ದು ಎಂದು ಅವಳು ಬಿಡದೆ ಕೇಳಿದಾಗ ಪ್ರಿನ್ಸಿಪಾಲರ ಬಾಯಿಂದ ಕೇಳಿದ್ದನ್ನು ಹೇಳಿದ. ಮಗನ ಕನ್ನಡಕ ರಿಪೇರಿಗೆ ಹೋಗಿದ್ದ ಒಬ್ಬ ತಾಯಿ, ಅಕ್ಕ ಯಾಕೆ ಕಾಣುತ್ತಿಲ್ಲ, ಮುಖಕ್ಕೆ ಏನೋ ಆಗಿತ್ತಲ್ಲ ಎಂದು ಅಂಗಡಿಯಲ್ಲಿ ವಿಚಾರಿಸಿದ್ದರು. ಮಾಲೀಕ ನಿಟ್ಟುಸಿರು ಬಿಟ್ಟು, ಅದು ಅವರ ಮನೆ ವಿಷಯ, ನಾವ್ಯಾಕೆ ಮಾತಾಡೋದು ಬಿಡಿ ಎಂದಿದ್ದ. ಆ ತಾಯಿಗೆ ಅಷ್ಟು ಸಾಕಾಯಿತು. ಅಲ್ಲಿಂದ ಮುಂದಕ್ಕೆ ಉಪ್ಪುಖಾರ ಹಚ್ಚುವವರಿಗೇನು ಕೊರತೆ.

ಅವಳಿಗೆ ಪಿತ್ತ ನೆತ್ತಿಗೇರಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಒಬ್ಬಳೇ ಬೈದಳು. ಮಾಲೀಕನನ್ನು, ಪ್ರಿನ್ಸಿಪಾಲರನ್ನು, ತಲೆಯಾಡಿಸಿದ ಗಿರಾಕಿಗಳನ್ನು, ಕಣ್ಣು ತೇವ ಮಾಡಿಕೊಂಡ ಟೀಚರಮ್ಮನನ್ನು. ನಿಜ ಹೇಳಿದರೆ ನಂಬದ ಈ ಜನಕ್ಕೆ ಏನು ರೋಗ ಎಂದಳು. ಅತ್ತೆ ಬಂದು ಬಾಗಿಲಿಗೊರಗಿ ನಿಂತರು. ಮಗ ಹಿತ್ತಲಲ್ಲಿದ್ದಾನೆಯೇ ಎಂದು ಒಮ್ಮೆ ಇಣುಕಿ ನೋಡಿದರು.

“ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡ. ಅವನು ಕೈ ಎತ್ತಿದನಾ?”

ಅವಳ ಕೈಯಿಂದ ತಟ್ಟೆ ಜಾರಿತು. “ನೀವೂನಾ ಅತ್ತೆ?”

“ಇಲ್ಲ ಅಂತ ನನಗೂ ಗೊತ್ತು. ಆದರೂ ಕೇಳದೆ ಇರೋಕೆ ಆಗಲಿಲ್ಲ.” ಅತ್ತೆ ತಟ್ಟೆಯನ್ನು ಎತ್ತಿ ಒರೆಸಿದರು. “ನಾನು ಬಾಗಿಲು ತಾಗಿತು ಅಂತಿದ್ದೆ. ಒಂದೊಂದು ಸಲ ಬಚ್ಚಲಲ್ಲಿ ಜಾರಿದೆ ಅಂತ. ನಿಮ್ಮ ಮಾವ ಪಕ್ಕದಲ್ಲೇ ನಿಂತು, ಇವಳು ನೋಡ್ಕೊಂಡು ನಡೆಯಲ್ಲ ಅಂತ ನಗೋರು. ನನ್ನ ಸುಳ್ಳನ್ನ ಎಲ್ಲರೂ ನಂಬಿದರು ಕಣೇ. ಒಬ್ಬರೂ ಎರಡನೇ ಸಲ ಕೇಳಲಿಲ್ಲ.”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಮಾವನನ್ನು ಅವಳು ನೋಡಿದ್ದು ಪಡಸಾಲೆಯ ಗೋಡೆಯ ಫೋಟೋದಲ್ಲಿ ಮಾತ್ರ, ಟೈ ಕಟ್ಟಿಕೊಂಡು ನಗುವ ಸಂಭಾವಿತ. ಇವರಿಗೆ ಗೊತ್ತಾ ಎಂದು ಅವಳು ಹಿತ್ತಲ ಕಡೆ ಕಣ್ಣು ಮಾಡಿದಳು. ಗೊತ್ತಿಲ್ಲದೆ ಏನು ಎಂದರು ಅತ್ತೆ. ಎಲ್ಲ ನೋಡಿಕೊಂಡೇ ಬೆಳೆದವನು, ಅದಕ್ಕೇ ಇವತ್ತಿಗೂ ಒಂದು ಬಾಗಿಲನ್ನು ಕೂಡ ಜೋರಾಗಿ ಹಾಕುವುದಿಲ್ಲ ಎಂದರು.

ಅವಳ ಸಿಟ್ಟು ಅಲ್ಲಿಗೆ ಆರಲಿಲ್ಲ, ಆದರೆ ದಿಕ್ಕು ಬದಲಿಸಿತು. ಟೀಚರಮ್ಮನ ಮೇಲೆ ಈಗ ಅವಳಿಗೆ ಕೋಪವಿರಲಿಲ್ಲ. ಅತ್ತೆಯ ಕಾಲದಲ್ಲಿ ಅಂಥವರೊಬ್ಬರು ಮಣಿಕಟ್ಟು ಹಿಡಿದಿದ್ದರೆ ಏನಾಗುತ್ತಿತ್ತೋ. ಉಳಿದವರು ಮೋಸಹೋಗಿದ್ದರು. ಮೋಸ ಮಾಡಿದವನು ಒಬ್ಬನೇ. ಏನಾಯಿತೆಂದು ಕಣ್ಣಾರೆ ನೋಡಿದ್ದೂ ನಿಟ್ಟುಸಿರು ಬಿಟ್ಟವನು.

ಮರುದಿನ ಅಂಗಡಿಯಲ್ಲಿ ಜನ ಹೆಚ್ಚಿರುವ ಹೊತ್ತು ನೋಡಿಯೇ ಹೋದಳು. ಒಳಗೆ ಕಾಲಿಡುತ್ತಿದ್ದಂತೆ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿ ಥಳಥಳಿಸುತ್ತಿದ್ದ ಸ್ಟೀಲಿನ ಹೊಸ ಸ್ಟೂಲು. ಹಳೆಯದು ಮಾಯವಾಗಿತ್ತು. ಅವಳು ಹಿಂದಿನ ಕೋಣೆಗೆ ಹೋಗದೆ ಕೌಂಟರಿನ ಮುಂದೆ, ಗಿರಾಕಿಗಳ ಸಾಲಿನಲ್ಲೇ ನಿಂತಳು. ಮಾಲೀಕ ಅವಳನ್ನು ನೋಡಿ, ಒಳಗೆ ಹೋಗಿ ಮಾತಾಡೋಣ ಅಕ್ಕ ಎಂದ. ಇಲ್ಲೇ ಮಾತಾಡೋಣ ಎಂದಳು. ದನಿ ಏರಿಸಲಿಲ್ಲ.

“ನಾನು ಎಲ್ಲಿ ಬಿದ್ದೆ ಅಂತ ಇವರಿಗೆಲ್ಲ ಹೇಳಿ.”

ಅವನು ಅತ್ತಿತ್ತ ನೋಡಿದ. ನಿಮ್ಮ ಯಜಮಾನರು ಹೊಡೆದರು ಅಂತ ನಾನು ಯಾರ ಹತ್ತಿರವೂ ಹೇಳಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ, ಮನೆ ವಿಷಯ ನಮಗ್ಯಾಕೆ ಎಂದೆ ಅಷ್ಟೇ ಎಂದ.

“ಸ್ಟೂಲು ನಮ್ಮನೇದಾ?”

ಸಾಲಿನಲ್ಲಿದ್ದ ಯಾರೋ ಫಕ್ಕನೆ ನಕ್ಕು, ತಕ್ಷಣ ಕೆಮ್ಮಿದರು. ಅವನ ಮುಖ ಕೆಂಪಾಯಿತು. ವ್ಯಾಪಾರದ ಹೊತ್ತಿನಲ್ಲಿ ಇದೆಲ್ಲ ಸರಿಯಲ್ಲ, ಅಪ್ಪನ ಕಾಲದಿಂದ ನಿಮ್ಮನ್ನು ಮನೆಯವರ ಹಾಗೆ ನೋಡಿಕೊಂಡಿದ್ದೇವೆ ಎಂದು ಶುರುಮಾಡಿದ. ಅವಳು ಅವನನ್ನು ಮುಗಿಸಲು ಬಿಡಲಿಲ್ಲ.

“ಸ್ಟೂಲು ಮುರಿದಿತ್ತು ಅಂತ ಹೇಳೋಕೆ ನಿಮಗೆ ನಾಚಿಕೆ. ಅದಕ್ಕೆ ನನ್ನ ಗಂಡನ್ನ ಮುಂದಕ್ಕೆ ತಳ್ಳಿದ್ರಿ. ನಿಜವಾಗಿ ಏಟು ತಿಂದೂ, ಬಿದ್ದೆ ಅಂತ ಹೇಳೋ ಹೆಂಗಸರು ಎಷ್ಟು ಜನ ಇದ್ದಾರೋ. ಅವರ ಸಾಲಲ್ಲಿ ನನ್ನ ನಿಲ್ಲಿಸಿ, ಅವರ ನೋವಿನ ಹಿಂದೆ ನೀವು ಅಡಗಿಕೊಂಡ್ರಿ. ನಾಳೆ ಅವರಲ್ಲೊಬ್ಬಳು ನಿಜ ಹೇಳಿದರೆ, ಮೊನ್ನೆ ಕನ್ನಡಕದಕ್ಕನ ವಿಷಯದಲ್ಲೂ ಹೀಗೇ ಗುಲ್ಲೆದ್ದಿತ್ತು, ಸುಳ್ಳಾಯ್ತು ಅಂತಾರೆ. ಅದಕ್ಕೆ ಯಾರು ಹೊಣೆ?”

ಯಂತ್ರದ ಸದ್ದು ನಿಂತಿತ್ತು. ಗಾಜಣ್ಣ ಒಳಕೋಣೆಯ ಬಾಗಿಲಿಗೆ ಬಂದು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ, ಅಕ್ಕ ಬಿದ್ದದ್ದು ಇಲ್ಲೇ, ಎತ್ತಿ ಕೂರಿಸಿದ್ದು ನಾನೇ ಎಂದ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಅವಳು ಅವನ ಕಡೆ ತಿರುಗಿದಳು. ಯಾರೂ ನನ್ನನ್ನು ಕೇಳಲಿಲ್ಲವಲ್ಲ ಎಂದ. ಅದನ್ನು ಕೇಳಿ ಅವಳಿಗೆ ಮಾಲೀಕನಿಗಿಂತ ಅವನ ಮೇಲೇ ಒಂದು ಕ್ಷಣ ಹೆಚ್ಚು ಸಿಟ್ಟು ಬಂತು. ಪಕ್ಕದಲ್ಲೇ ಕೂತು, ಅಷ್ಟೊಂದು ಡಬ್ಬಿಗಳ ಮುಚ್ಚಳ ಬಡಿದುಕೊಂಡದ್ದು ಇವನಿಗೆ ಕೇಳಿಸಿರಲಿಲ್ಲವೇ?

ಅವಳು ಶಾಲೆಗೆ ಫೋನು ಮಾಡಿಸಿದಳು, ತನ್ನ ಮುಂದೆಯೇ. ಮಾಲೀಕ ಗಂಟಲು ಸರಿಮಾಡಿಕೊಂಡು, ಆಕೆ ನಮ್ಮ ಅಂಗಡಿಯಲ್ಲಿ ಆಕಸ್ಮಿಕವಾಗಿ ಬಿದ್ದದ್ದು, ಏನೋ ತಪ್ಪು ತಿಳಿವಳಿಕೆಯಾಗಿದೆ ಎಂದ. ಸ್ಟೂಲು ಎಂದಳು ಅವಳು. ಅವನು ಫೋನಿನ ಮೇಲೆ ಅಂಗೈ ಮುಚ್ಚಿ ಅವಳನ್ನು ನೋಡಿದ. ಅವಳು ಅಲುಗಲಿಲ್ಲ. ನಮ್ಮ ಸ್ಟೂಲಿನ ಕಾಲು ಮುರಿದಿತ್ತು, ಅದರಿಂದ ಬಿದ್ದರು ಎಂದು ಕೊನೆಗೂ ಅವನ ಬಾಯಿಂದ ಹೊರಟಿತು. ಅವಳು ಕೌಂಟರಿನ ಹಿಂದೆ ತನ್ನ ಜಾಗಕ್ಕೆ ಹೋಗಿ, ಸಾಲಿನ ಮೊದಲಲ್ಲಿದ್ದವರಿಗೆ ಯಾವ ಥರದ ಫ್ರೇಮು ಬೇಕಿತ್ತು ಎಂದು ಕೇಳಿದಳು. ಅವಳನ್ನು ಅಲ್ಲಿಂದ ಏಳಿಸುವ ಧೈರ್ಯ ಮತ್ತೆ ಯಾರಿಗೂ ಬರಲಿಲ್ಲ.

ಅಂದು ಸಂಜೆಯೇ ಶಾಲೆಯಿಂದ ಕರೆ ಬಂತು. ಗಂಡ ಹೋಗಿ ಬಸ್ಸಿನ ಕೀಲಿ ತೆಗೆದುಕೊಂಡು ಬಂದ. ಪ್ರಿನ್ಸಿಪಾಲರು ಏನೆಂದರು ಎಂದು ಅವಳು ಕೇಳಿದಳು. ಮಕ್ಕಳ ವಿಷಯದಲ್ಲಿ ನಾವು ಎಚ್ಚರವಾಗಿರಬೇಕಲ್ಲ, ನೀವೂ ಅರ್ಥಮಾಡಿಕೊಳ್ಳಬೇಕು ಎಂದರಂತೆ. ತಪ್ಪಾಯಿತು ಅನ್ನಲಿಲ್ಲವಾ? ಇಲ್ಲ. ನೀವೇನಂದಿರಿ? ಪರವಾಗಿಲ್ಲ ಸರ್ ಎಂದೆ ಎಂದ ಅವನು, ಕೀಲಿಯನ್ನು ಮೊಳೆಗೆ ನೇತುಹಾಕುತ್ತ.

ಆ ಪರವಾಗಿಲ್ಲ ಅವಳನ್ನು ಕೆಣಕಿತು. “ನಿಮಗೆ ಕೋಪಾನೇ ಬರಲ್ವಾ?”

ಅವನು ಮೊಳೆಯ ಮೇಲಿನ ಕೀಲಿಯನ್ನು ನೇರ ಮಾಡಿದ. ಆಮೇಲೆ ಮೆಲ್ಲಗೆ ಹೇಳಿದ. “ಬರುತ್ತೆ. ಅಲ್ಲಿ ಕೂತಿದ್ದಾಗ ಮೇಜು ಗುದ್ದಬೇಕು ಅನ್ನಿಸ್ತು. ಗುದ್ದಿದ್ದರೆ, ನೋಡಿ ಇವನು ಇಂಥವನೇ ಅಂತಿದ್ದರು. ನಾನು ಯಾರ ಮಗ ಅಂತ ನನಗೂ ನೆನಪಿದೆ.”

ಇಷ್ಟು ದಿನ ಅವಳು ತನ್ನ ಮುಖಕ್ಕೆ ಆದದ್ದನ್ನೇ ಯೋಚಿಸಿದ್ದಳು. ಸಿಟ್ಟು ಮಾಡಿಕೊಳ್ಳುವ ಹಕ್ಕನ್ನೂ ಇವನಿಂದ ಕಸಿದುಕೊಂಡಿದ್ದರು. ತಪ್ಪಿಲ್ಲದವನು ತಲೆ ತಗ್ಗಿಸಿ ಪರವಾಗಿಲ್ಲ ಎಂದರೇನೇ ಅವನು ಒಳ್ಳೆಯವನು.

“ನಾಳೆ ನಾನೂ ಬಸ್ಸಲ್ಲಿ ಬರ್ತೀನಿ,” ಎಂದಳು.

ಶಾಲೆಯ ನಿಯಮದಲ್ಲಿ ಅದಕ್ಕೆ ಅವಕಾಶವಿತ್ತೋ ಇಲ್ಲವೋ, ಅವಳು ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಳು. ಮೊದಲ ನಿಲ್ದಾಣದಲ್ಲಿ ತಾಯಂದಿರು ಗುಂಪಾಗಿ ನಿಂತಿದ್ದರು. ಅವಳು ಇಳಿದು ಅವರೆದುರು ನಿಂತಳು. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು, ಗಂಟು ಚೆನ್ನಾಗಿ ಕಾಣಲಿ ಎಂದು. ತಾನು ಬಸ್ಸಿನವರ ಹೆಂಡತಿ, ಕನ್ನಡಕದ ಅಂಗಡಿಯಲ್ಲಿ ಮುರುಕು ಸ್ಟೂಲಿನಿಂದ ಬಿದ್ದದ್ದು, ಇನ್ನೇನಾದರೂ ಕೇಳುವುದಿದ್ದರೆ ತನ್ನನ್ನೇ ಕೇಳಬೇಕು ಎಂದು ಹೇಳಿ ಕಾದಳು. ಯಾರೂ ಕೇಳಲಿಲ್ಲ. ಒಬ್ಬಾಕೆ ಬ್ಯಾಗಿನ ಪಟ್ಟಿ ಸರಿಮಾಡುವ ನೆಪದಲ್ಲಿ ಮಗಳ ಬೆನ್ನ ಹಿಂದೆ ಬಗ್ಗಿದರು. ಎರಡನೇ ನಿಲ್ದಾಣದಲ್ಲೂ ಅದನ್ನೇ ಹೇಳಿದಳು. ಅಲ್ಲಿ ಒಬ್ಬರು, ನಮಗೇನೂ ಗೊತ್ತಿಲ್ಲಪ್ಪ, ನಾವೇನೂ ಅಂದಿಲ್ಲ ಎಂದು ಕೈ ತೊಳೆದುಕೊಂಡರು. ಇನ್ನೊಬ್ಬರ ಕಾರು ಬಸ್ಸಿನ ಹಿಂದೆ ನಿಂತಿತ್ತು, ಮಗು ಕಾರಿನೊಳಗೇ ಇತ್ತು. ಇವಳು ಹತ್ತಿರ ಹೋಗುತ್ತಿದ್ದಂತೆ ಕಿಟಕಿಯ ಗಾಜು ಮೇಲೇರಿತು. ಮುಚ್ಚಿದ ಗಾಜಿಗೇ ಅವಳು ಪೂರ್ತಿ ಮಾತು ಹೇಳಿ ಮುಗಿಸಿದಳು.

ಬಸ್ಸಿನೊಳಗೆ ಮಕ್ಕಳು ಯಾವ ಪರಿವೆಯೂ ಇಲ್ಲದೆ ಗದ್ದಲ ಹಾಕುತ್ತಿದ್ದರು. ಗಂಡ ರಸ್ತೆಯ ಮೇಲಿಂದ ಕಣ್ಣು ಕೀಳಲಿಲ್ಲ, ಆದರೆ ಅವನ ಭುಜಗಳು ಬೆಳಿಗ್ಗೆ ಇದ್ದಷ್ಟು ಬಿಗಿಯಾಗಿರಲಿಲ್ಲ. ಇನ್ನು ಎಷ್ಟು ನಿಲ್ದಾಣವಿದೆ ಎಂದು ಅವಳು ಕೇಳಿದಳು. ಸಾಕು ಬಿಡು, ಇಷ್ಟಾಯಿತಲ್ಲ ಎಂದ ಅವನು.

ಸಾಕಾಗಿಲ್ಲ ಎಂದಳು ಅವಳು. ಬಸ್ಸು ನಿಧಾನವಾಗುತ್ತಿದ್ದಂತೆ ಬಾಗಿಲ ಕಂಬಿ ಹಿಡಿದು ಎದ್ದು ನಿಂತಳು.